571201: ಮಡಿಕೇರಿಯ ಪಿನ್‌ಕೋಡ್ ಅವಿಭಾಜ್ಯವೇ?

ಪ್ರಶ್ನೆ: ನಾನು ಮಡಿಕೇರಿ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಕಳೆದ ಜುಲೈ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು, ಎರಡು ದಿನ ಕರೆಂಟೂ ಇರಲಿಲ್ಲ. ಎಂಟನೇ ತರಗತಿಯಲ್ಲಿರುವ ನನ್ನ ಮಗಳು ನಮ್ಮ ಪಿನ್‌ಕೋಡ್ 571201ನ್ನು ಹಿಡಿದುಕೊಂಡು, ಹಳೆಯ ಚೆಕ್‌ರೋಲ್ ಹಾಳೆಗಳ ಹಿಂಬದಿಯಲ್ಲಿ ಭಾಗಾಕಾರ ಮಾಡುತ್ತಾ ಕುಳಿತಳು. ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಮುಗಿಸಿದ್ದಾಳೆ, ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗಲಿಲ್ಲ. ಪ್ರತಿಯೊಂದರ ಶೇಷವನ್ನೂ ಬರೆದಿಟ್ಟಿದ್ದಾಳೆ. ಇಷ್ಟಕ್ಕೆ ಇದು ಅವಿಭಾಜ್ಯ ಎಂದು ಹೇಳಬಹುದೇ? ಇಲ್ಲದಿದ್ದರೆ ಇನ್ನೆಷ್ಟು ದೂರ ಹೋಗಬೇಕು, ಬೇರೆ ದಾರಿ ಇದೆಯೇ? ಈ ಸಂಖ್ಯೆಗೆ ಏನಾದರೂ ವಿಶೇಷ ಇದೆಯೇ ಅಥವಾ ಎಲ್ಲ ಸಂಖ್ಯೆಗಳಂತೆ ಇದೂ ಒಂದೇ ಎಂಬುದು ಅವಳ ಕೊನೆಯ ಪ್ರಶ್ನೆ.

ಉತ್ತರ: ನಿಮ್ಮ ಮಗಳಿಗೆ ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೌದು, 571201 ಅವಿಭಾಜ್ಯ ಸಂಖ್ಯೆ. ಆದರೆ 97ಕ್ಕೆ ನಿಲ್ಲಿಸಿದಾಗ ಹಾಗೆ ಹೇಳುವ ಹಕ್ಕು ಅವಳಿಗೆ ಇನ್ನೂ ಬಂದಿರಲಿಲ್ಲ. ಆ ಹಕ್ಕನ್ನು ಸಂಪಾದಿಸುವ ಎರಡು ದಾರಿಗಳಿವೆ. ಒಂದು ಉದ್ದ, ಒಂದು ಗಿಡ್ಡ. ನಾನು ಎರಡನ್ನೂ ನಡೆದು ನೋಡಿದೆ. ವಿರಾಜಪೇಟೆಯಲ್ಲಿ ಹಲವು ವರ್ಷ ಗಣಿತ ಪಾಠ ಹೇಳಿದವನು ನಾನು. ಮಡಿಕೇರಿಗೆ ಕಳುಹಿಸುವ ಪ್ರತಿ ಲಕೋಟೆಯ ಮೇಲೂ ಈ ಸಂಖ್ಯೆಯನ್ನು ಬರೆಯುತ್ತಾ ಬಂದಿದ್ದರೂ ಅದನ್ನು ಒಡೆದು ನೋಡಬೇಕೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಅವಳಿಗೆ ಅನಿಸಿತು ಎನ್ನುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ.

97 ಏಕೆ ಸಾಲದು? ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಆ ಎರಡರಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ದಾಟಲಾರದು. ಎರಡೂ ದಾಟಿದರೆ ಗುಣಲಬ್ಧವೇ ಮೀರಿಹೋಗುತ್ತದೆ. 755ರ ವರ್ಗ 570025, 756ರ ವರ್ಗ 571536. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಆದ್ದರಿಂದ 755ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು. ಅವು ಒಟ್ಟು 133, ಕೊನೆಯದು 751. ನೂರರೊಳಗಿನ 25ನ್ನು ಅವಳು ಮುಗಿಸಿದ್ದಾಳೆ, ಉಳಿದದ್ದು 108. ಆ 108 ಬೇಡವೇ ಬೇಡ ಎನ್ನಬೇಡಿ. 571511 ಎಂಬ ಸಂಖ್ಯೆಯನ್ನು ನೋಡಿ, ನಿಮ್ಮ ಪಿನ್‌ಕೋಡಿಗಿಂತ 310 ಹೆಚ್ಚು ಅಷ್ಟೇ. ಅದು ಅವಳ ಇಪ್ಪತ್ತೈದು ಪರೀಕ್ಷೆಗಳನ್ನೂ ದಾಟುತ್ತದೆ, ಮುಂದಿನ ನೂರನ್ನೂ ದಾಟುತ್ತದೆ, ಕಟ್ಟಕಡೆಗೆ 751ರಲ್ಲಿ ಸಿಕ್ಕಿಬೀಳುತ್ತದೆ. ಅದು 751 ಮತ್ತು 761ರ ಗುಣಲಬ್ಧ.

ಹಾಗೆಂದು ಅವಳು ಮಾಡಿದ್ದು ವ್ಯರ್ಥವಲ್ಲ. ಹತ್ತು ಲಕ್ಷದೊಳಗೆ 78498 ಅವಿಭಾಜ್ಯಗಳಿವೆ, ಅಂದರೆ ಸುಮಾರು ಹದಿಮೂರಕ್ಕೆ ಒಂದು. ಕಣ್ಣು ಮುಚ್ಚಿ ಒಂದು ಸಂಖ್ಯೆ ಆರಿಸಿದರೆ ಅದು ಅವಿಭಾಜ್ಯವಾಗುವ ಸಾಧ್ಯತೆ ಅಷ್ಟೇ. ನೂರರೊಳಗಿನ ಅವಿಭಾಜ್ಯಗಳಿಂದ ಭಾಗವಾಗದೆ ಉಳಿದ ಸಂಖ್ಯೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಈ ಗಾತ್ರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಅವಿಭಾಜ್ಯವಾಗಿರುತ್ತವೆ. ಅಂದರೆ ಅವಳ ಊಹೆ ಒಳ್ಳೆಯ ಊಹೆ. ಗಣಿತದಲ್ಲಿ ಒಳ್ಳೆಯ ಊಹೆಗೂ ಸಾಧನೆಗೂ ನಡುವೆ ಒಂದು ಹೊಳೆ ಇದೆ, ಅದನ್ನು ದಾಟಲೇಬೇಕು.

ಗಿಡ್ಡ ದಾರಿಗೆ ಬರುವ ಮೊದಲು ಅವಳ ಶೇಷಗಳ ಪಟ್ಟಿಯನ್ನು ಒಮ್ಮೆ ಹೊರತೆಗೆಯಲು ಹೇಳಿ. 7ರಿಂದ ಭಾಗಿಸಿದಾಗ ಶೇಷ 1. 17ರಿಂದ ಭಾಗಿಸಿದಾಗಲೂ 1. 2, 3, 5ರಿಂದಲೂ 1. ಇಷ್ಟೊಂದು ಕಡೆ ಒಂದೇ ಒಂದು ಹೆಚ್ಚಾಗಿ ಉಳಿಯುತ್ತಿದೆ ಎಂದರೆ, ಆ ಒಂದನ್ನು ಕಳೆದಾಗ ಬರುವ 571200 ಇವೆಲ್ಲವುಗಳಿಂದಲೂ ಭಾಗವಾಗಬೇಕು. ಹಾಗೆಯೇ ಆಗುತ್ತದೆ. 571200 ಎಂದರೆ ಆರು 2, ಒಂದು 3, ಎರಡು 5, ಒಂದು 7, ಒಂದು 17 ಇವುಗಳ ಗುಣಲಬ್ಧ. ಬೇರೆ ಏನೂ ಅದರಲ್ಲಿಲ್ಲ. ಅದರ ಭಾಜಕಗಳನ್ನು ಎಣಿಸಿದರೆ 168 ಸಿಗುತ್ತವೆ.

ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಕಣದಲ್ಲಿ 571200 ಕಾಫಿ ಬೀಜಗಳನ್ನು ಒಂದೊಂದಾಗಿ ಸಾಲು ಹಿಡಿದು ಆಯತಾಕಾರದಲ್ಲಿ ಜೋಡಿಸಬೇಕು ಎಂದುಕೊಳ್ಳಿ. 680 ಸಾಲು, ಸಾಲಿಗೆ 840 ಬೀಜ. ಇಲ್ಲವೇ 700 ಸಾಲು, ಸಾಲಿಗೆ 816. ಇಲ್ಲವೇ 672 ಸಾಲು, ಸಾಲಿಗೆ 850. ಹೀಗೆ 84 ಬಗೆಯ ಆಯತಗಳು ಸಾಧ್ಯ. ಈಗ ಇನ್ನೊಂದೇ ಒಂದು ಬೀಜ ತಂದು ಸೇರಿಸಿ. ಎಂಬತ್ತನಾಲ್ಕೂ ಆಯತಗಳು ಒಡೆದುಹೋಗುತ್ತವೆ. ಒಂದೇ ಉದ್ದನೆಯ ಸಾಲಿನ ಹೊರತು ಬೇರೆ ಯಾವ ಜೋಡಣೆಗೂ ಆ 571201 ಬೀಜಗಳು ಒಗ್ಗುವುದಿಲ್ಲ. ಒಂದು ಬೀಜದ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ! ಸಂಖ್ಯೆಗಳ ಲೋಕದಲ್ಲಿ ನೆರೆಹೊರೆಯವರಾದ ಮಾತ್ರಕ್ಕೆ ಗುಣ ಒಂದೇ ಆಗಬೇಕಿಲ್ಲ.

ಆಯತಕ್ಕೆ ಒಗ್ಗದ ಆ ಬೀಜಗಳು ಬೇರೊಂದು ಆಕಾರಕ್ಕೆ ಮಾತ್ರ ಚೆನ್ನಾಗಿ ಒಗ್ಗುತ್ತವೆ. ಅವುಗಳನ್ನು ಎರಡು ಚೌಕಗಳಾಗಿ ಹಂಚಬಹುದು. ಒಂದು ಚೌಕದ ಬದಿಯಲ್ಲಿ 176 ಬೀಜ, ಇನ್ನೊಂದರ ಬದಿಯಲ್ಲಿ 735. ಮೊದಲನೆಯದರಲ್ಲಿ 30976, ಎರಡನೆಯದರಲ್ಲಿ 540225, ಕೂಡಿದರೆ ಸರಿಯಾಗಿ 571201. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಗಿಡ್ಡ ದಾರಿ ಇರುವುದು ಇಲ್ಲೇ. 571201ನ್ನು ಎರಡು ಚೌಕಗಳಾಗಿ ಹಂಚಲು ಇದೊಂದೇ ಬಗೆ, ಎರಡನೆಯದಿಲ್ಲ ಎಂದು ತೋರಿಸಿಬಿಟ್ಟರೆ ಅದು ಅವಿಭಾಜ್ಯ ಎಂದು ಸಾಧಿಸಿದಂತೆಯೇ. 108 ಭಾಗಾಕಾರಗಳ ಅಗತ್ಯವೇ ಇರುವುದಿಲ್ಲ.

ಈ ನಂಟು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಕೊಟ್ಟ ಸೂತ್ರದಿಂದ ಒಂದು ಸುಂದರ ಸಂಗತಿ ಹೊರಡುತ್ತದೆ. ಎರಡು ವರ್ಗಗಳ ಮೊತ್ತವಾಗಿರುವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಅದೂ ಸಾಮಾನ್ಯವಾಗಿ ಎರಡು ಬಗೆಯಲ್ಲಿ. 5 ಎಂದರೆ 1 ಮತ್ತು 4. 13 ಎಂದರೆ 4 ಮತ್ತು 9. ಇವನ್ನು ಗುಣಿಸಿ, 65 ಬರುತ್ತದೆ. ಅದು 1 ಮತ್ತು 64ರ ಮೊತ್ತವೂ ಹೌದು, 16 ಮತ್ತು 49ರ ಮೊತ್ತವೂ ಹೌದು. ಎರಡು ಕವಲಿನ ಮನೆಗಳ ಸಂಬಂಧ ಕೂಡಿದಾಗ ಎರಡು ದಾರಿ ತೆರೆದುಕೊಂಡಂತೆ.

ಇದರಾಚೆಗೆ ಹೋದವರು ಫ್ರಾನ್ಸಿನ ಗಣಿತಜ್ಞ ಫರ್ಮಾ. 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ಬಗೆಯಲ್ಲಿ ಎಂದು ಅವರು 1640ರ ಡಿಸೆಂಬರ್ 25ರಂದು ಮರ್ಸೆನ್‌ಗೆ ಬರೆದ ಪತ್ರದಲ್ಲಿ ತಿಳಿಸಿದರು. ಸಾಧನೆಯನ್ನು ಮಾತ್ರ ಬರೆಯಲಿಲ್ಲ. ಪೂರ್ಣ ಸಾಧನೆ ಕೊಟ್ಟವರು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್, ನೂರು ವರ್ಷಗಳ ನಂತರ, 1740ರ ದಶಕದ ಕೊನೆಗೆ. ಈ ಮಾತನ್ನು ತಿರುಗಿಸಿ ಪರೀಕ್ಷೆಯಾಗಿ ಬಳಸಿದವರೂ ಆಯ್ಲರ್ ಅವರೇ. ಒಂದು ಬೆಸ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಿ ಒಂದೇ ಬಗೆಯಲ್ಲಿ ಒಡೆದರೆ, ಮತ್ತು ಆ ಎರಡು ಬದಿಗಳಿಗೆ 1ರ ಹೊರತು ಸಾಮಾನ್ಯ ಭಾಜಕ ಇಲ್ಲದಿದ್ದರೆ, ಅದು ಅವಿಭಾಜ್ಯ. ಕೊನೆಯ ಷರತ್ತನ್ನು ಬಿಡುವಂತಿಲ್ಲ. 45 ಎಂಬುದು 9 ಮತ್ತು 36ರ ಮೊತ್ತ, ಬೇರೆ ಬಗೆಯಿಲ್ಲ. ಆದರೂ ಅದು ಅವಿಭಾಜ್ಯವಲ್ಲ. ಏಕೆಂದರೆ ಬದಿಗಳಾದ 3 ಮತ್ತು 6 ಎರಡರಲ್ಲೂ 3 ಅಡಗಿದೆ. ನಮ್ಮ 176ರಲ್ಲಿರುವುದು 2 ಮತ್ತು 11 ಮಾತ್ರ. 735ರಲ್ಲಿರುವುದು 3, 5 ಮತ್ತು 7 ಮಾತ್ರ. ಸಾಮಾನ್ಯವಾದದ್ದು ಏನೂ ಇಲ್ಲ.

ಈ ಪರೀಕ್ಷೆಯಲ್ಲಿ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಆಯ್ಲರ್ ಅವರದೇ ಉದಾಹರಣೆ ಇದೆ. 1000009 ಎಂಬ ಸಂಖ್ಯೆಯನ್ನು ಅವರು ಮೊದಲು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು 1000 ಮತ್ತು 3ರ ವರ್ಗಗಳ ಮೊತ್ತ ಎಂಬುದು ನೋಡಿದ ಕೂಡಲೇ ಕಾಣುತ್ತದೆ. ಆಮೇಲೆ ಅದು 235 ಮತ್ತು 972ರ ವರ್ಗಗಳ ಮೊತ್ತವೂ ಹೌದು ಎಂದು ಕಂಡುಕೊಂಡು, ಅದನ್ನು 293 ಗುಣಿಸು 3413 ಎಂದು ಒಡೆದು, ತಮ್ಮ ಪಟ್ಟಿಯನ್ನು ತಾವೇ ತಿದ್ದಿದರು. ಅಷ್ಟು ದೊಡ್ಡವರು ತಪ್ಪಿದರು ಎಂಬುದಕ್ಕಿಂತ, ತಪ್ಪನ್ನು ಹಿಡಿಯುವ ಸಾಧನವನ್ನೂ ಅವರೇ ಕಟ್ಟಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಈಗ ಕೆಲಸಕ್ಕೆ ಬರೋಣ. ಎರಡು ಚೌಕಗಳ ಬದಿಗಳಿಗಾಗಿ 1ರಿಂದ 755ರವರೆಗೆ ಎಲ್ಲವನ್ನೂ ಹುಡುಕುತ್ತಾ ಹೋದರೆ ಭಾಗಾಕಾರಕ್ಕಿಂತ ಹೆಚ್ಚು ದುಡಿಮೆಯಾಗುತ್ತದೆ. ಜರಡಿ ಹಿಡಿಯಬೇಕು. ಇಲ್ಲಿ ನೆರೆಯ 571200 ನಮ್ಮ ಸಹಾಯಕ್ಕೆ ಬರುತ್ತದೆ.

ಮೊದಲ ಜರಡಿ 5ರದು. ಯಾವ ವರ್ಗವನ್ನಾದರೂ 5ರಿಂದ ಭಾಗಿಸಿ ನೋಡಿ, ಶೇಷ 0, 1, 4 ಇವುಗಳಲ್ಲಿ ಒಂದಾಗಿರುತ್ತದೆ. ನಮ್ಮ ಸಂಖ್ಯೆಯ ಶೇಷ 1. ಎರಡು ವರ್ಗಗಳ ಶೇಷಗಳು ಕೂಡಿ 1 ಬರಬೇಕಾದರೆ ಒಂದರದು 0, ಇನ್ನೊಂದರದು 1 ಆಗಲೇಬೇಕು. ಬೇರೆ ಯಾವ ಜೋಡಿಯೂ ಹೊಂದುವುದಿಲ್ಲ. ಅಂದರೆ ಒಂದು ಬದಿ 5ರ ಗುಣಕ, ಅದರ ವರ್ಗ 25ರ ಗುಣಕ. 571201ನ್ನು 25ರಿಂದ ಭಾಗಿಸಿದರೂ ಶೇಷ 1 ತಾನೇ? ಹಾಗಾಗಿ ಇನ್ನೊಂದು ಬದಿಯ ವರ್ಗಕ್ಕೂ 25ರಲ್ಲಿ ಶೇಷ 1. ಅದಕ್ಕೆ ಆ ಬದಿ 25ರ ಯಾವುದಾದರೂ ಗುಣಕಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರಬೇಕು. ಒಂದೇ ಏಟಿಗೆ ನೂರರಲ್ಲಿ ತೊಂಬತ್ತೆರಡು ಸಂಖ್ಯೆಗಳು ಕೆಳಗೆ ಉದುರಿದವು.

ಎರಡನೆಯದು ಸಮ ಬೆಸಗಳ ಜರಡಿ. ಮೊತ್ತ ಬೆಸವಾಗಿರುವುದರಿಂದ ಒಂದು ಬದಿ ಸಮ, ಇನ್ನೊಂದು ಬೆಸ. ಬೆಸ ಸಂಖ್ಯೆಯ ವರ್ಗಕ್ಕೆ 8ರಲ್ಲಿ ಶೇಷ ಯಾವಾಗಲೂ 1. ನಮ್ಮ ಸಂಖ್ಯೆಗೂ 1. ಆದ್ದರಿಂದ ಸಮ ಬದಿಯ ವರ್ಗ 8ರ ಗುಣಕವಾಗಬೇಕು, ಹಾಗಾಗಬೇಕಾದರೆ ಸಮ ಬದಿ 4ರ ಗುಣಕವಾಗಿರಲೇಬೇಕು.

ಈಗ ಎರಡೇ ಸಂದರ್ಭ. 25ರ ಗುಣಕಕ್ಕೆ ಒಂದು ಹೆಚ್ಚು ಕಡಿಮೆ ಇರುವ ಬದಿ ಸಮವಾಗಿರಬಹುದು ಅಥವಾ ಬೆಸವಾಗಿರಬಹುದು.

ಸಮವಾಗಿದ್ದರೆ ಅದು 4ರ ಗುಣಕವೂ ಆಗಿರಬೇಕು. ಅಂಥವು 24, 76, 124, 176, 224 ಎಂದು ಸಾಗಿ 724ಕ್ಕೆ ಮುಗಿಯುತ್ತವೆ, ಒಟ್ಟು ಹದಿನೈದು. ಪ್ರತಿಯೊಂದರ ವರ್ಗವನ್ನು 571201ರಿಂದ ಕಳೆದು 25ರಿಂದ ಭಾಗಿಸಿ, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡಿದರೆ ಸಾಕು. 24ಕ್ಕೆ 22825 ಬರುತ್ತದೆ. 151ರ ವರ್ಗ 22801, ಆದ್ದರಿಂದ ಇಲ್ಲ. 76ಕ್ಕೆ 22617, ಇಲ್ಲ. 124ಕ್ಕೆ 22233, 149ರ ವರ್ಗ 22201, ಇದೂ ಇಲ್ಲ. 176ಕ್ಕೆ 21609. ಇದು 147ರ ವರ್ಗ! 147ನ್ನು 5ರಿಂದ ಗುಣಿಸಿದರೆ ನಮ್ಮ 735. ನಿಮ್ಮ ಮಗಳು ಇದನ್ನು ಕೈಯಾರೆ ಮಾಡಿ ಈ ಹೆಜ್ಜೆಗೆ ಬಂದಾಗ ಏನನಿಸುತ್ತದೆ ಎಂಬುದನ್ನು ನಾನು ವಿವರಿಸುವುದಕ್ಕಿಂತ ಅವಳೇ ಅನುಭವಿಸಲಿ. ಮುಂದಿನ ಹನ್ನೊಂದಕ್ಕೆ ಬರುವವು 20841, 19801, 18649, 17193, 15657, 13785, 11865, 9577, 7273, 4569, 1881. ಇವುಗಳಲ್ಲಿ ಒಂದೂ ಪೂರ್ಣ ವರ್ಗವಲ್ಲ. 15657 ಸ್ವಲ್ಪ ಹತ್ತಿರ ಬರುತ್ತದೆ, 125ರ ವರ್ಗ 15625. ಆದರೆ ಹತ್ತಿರ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ.

ಬೆಸವಾಗಿದ್ದರೆ 1, 49, 51, 99, 101 ಎಂದು 751ರವರೆಗೆ ಮೂವತ್ತೊಂದು ಸಂಖ್ಯೆಗಳಿವೆ. ಇವಕ್ಕೆ ಇನ್ನೊಂದು ಜರಡಿ ಹಿಡಿಯಬಹುದು. 571201ನ್ನು 64ರಿಂದ ಭಾಗಿಸಿದರೂ ಶೇಷ 1, ಏಕೆಂದರೆ ನೆರೆಯ ಸಂಖ್ಯೆಯಲ್ಲಿ ಆರು 2 ಇವೆ. 4ರ ಗುಣಕದ ವರ್ಗಕ್ಕೆ 64ರಲ್ಲಿ ಶೇಷ 0 ಅಥವಾ 16 ಮಾತ್ರ. ಆದ್ದರಿಂದ ಬೆಸ ಬದಿಯ ವರ್ಗಕ್ಕೆ ಶೇಷ 1 ಅಥವಾ 49. ಹಾಗಾಗಲು ಆ ಬೆಸ ಸಂಖ್ಯೆಯನ್ನು 32ರಿಂದ ಭಾಗಿಸಿದಾಗ 1, 7, 25, 31 ಇವುಗಳಲ್ಲಿ ಒಂದು ಉಳಿಯಬೇಕು. ಮೂವತ್ತೊಂದರಲ್ಲಿ ಈ ಜರಡಿಯ ಮೇಲೆ ನಿಲ್ಲುವವು ಏಳೇ: 1, 199, 249, 351, 449, 551, 601. ಇವುಗಳ ವರ್ಗಗಳನ್ನು ಕಳೆದಾಗ ಉಳಿಯುವುದು 20ರ ಗುಣಕವೊಂದರ ವರ್ಗವಾಗಬೇಕು, ಏಕೆಂದರೆ ಆ ಇನ್ನೊಂದು ಬದಿ 4ರ ಗುಣಕವೂ ಹೌದು, 5ರ ಗುಣಕವೂ ಹೌದು. ಹಾಗಾಗಿ 400ರಿಂದ ಭಾಗಿಸಿ ನೋಡೋಣ. ಕ್ರಮವಾಗಿ 1428, 1329, 1273, 1120, 924, 669, 525 ಸಿಗುತ್ತವೆ. ಬಾಯಿಪಾಠದ ವರ್ಗಗಳಲ್ಲೇ ಗೊತ್ತಾಗುತ್ತದೆ, ಒಂದೂ ಪೂರ್ಣ ವರ್ಗವಲ್ಲ.

ಅಲ್ಲಿಗೆ ಮುಗಿಯಿತು. ಇಪ್ಪತ್ತೆರಡು ಸಂಖ್ಯೆಗಳನ್ನು ಪರೀಕ್ಷಿಸಿದೆವು, ಒಂದೇ ಒಂದು ಹೊಂದಿತು. 571201 ಅವಿಭಾಜ್ಯ. ಒಂದು ಹಾಳೆಯ ಒಂದು ಮಗ್ಗುಲಲ್ಲಿ ಈ ಸಾಧನೆಯನ್ನು ಪೂರ್ತಿ ಬರೆಯಬಹುದು. ಅದಕ್ಕೆ ಕರೆಂಟು ಬೇಡ, ಕ್ಯಾಲ್ಕುಲೇಟರ್ ಬೇಡ.

ಇನ್ನು ವಿಶೇಷದ ಪ್ರಶ್ನೆ. ಇಲ್ಲಿ ನನಗೆ ಒಂದು ವಿಷಯದಲ್ಲಿ ಸ್ವಲ್ಪ ಹಟ ಇದೆ. ಸಂಖ್ಯೆಯೊಂದರ ಗುಣಗಳನ್ನು ಕುರಿತು ಮಾತನಾಡುವಾಗ ಯಾವುದು ಆಕಸ್ಮಿಕ, ಯಾವುದು ಅನಿವಾರ್ಯ ಎಂದು ಬೇರೆ ಮಾಡಿಕೊಳ್ಳದಿದ್ದರೆ ಎಲ್ಲವೂ ಪವಾಡದಂತೆ ಕಾಣುತ್ತದೆ.

ಈ ಸಂಖ್ಯೆ ಮಡಿಕೇರಿಗೆ ಬಂದದ್ದು ಆಕಸ್ಮಿಕ. ನಮ್ಮ ದೇಶದಲ್ಲಿ ಪಿನ್‌ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯವನ್ನು ಸೂಚಿಸುತ್ತದೆ; 5 ಎಂದರೆ ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣ. ಮೊದಲ ಮೂರು ಅಂಕಿಗಳು ಸೇರಿ ಅಂಚೆಯನ್ನು ವಿಂಗಡಿಸುವ ಜಿಲ್ಲೆಯನ್ನು ಸೂಚಿಸುತ್ತವೆ. ನಮ್ಮ ಹಾಗೆ ಮಂಡ್ಯ, ನಂಜನಗೂಡು, ಚಾಮರಾಜನಗರಗಳೂ 571ರಲ್ಲೇ ಇವೆ. ಕೊನೆಯ ಮೂರು ಅಂಕಿಗಳು ಬಟವಾಡೆ ಮಾಡುವ ಅಂಚೆ ಕಚೇರಿಯವು. ಅವಿಭಾಜ್ಯವೇ ಅಲ್ಲವೇ ಎಂದು ನೋಡಿ ಯಾರೂ ಹಂಚಿದ್ದಲ್ಲ. ನಾನಿರುವ ವಿರಾಜಪೇಟೆಯ 571218 ನೋಡಿದ ಕೂಡಲೇ 6ರಿಂದ ಭಾಗವಾಗುತ್ತದೆ. ಸೋಮವಾರಪೇಟೆಯ 571236ಕ್ಕೆ 12 ಭಾಜಕ. ಕುಶಾಲನಗರದ 571234 ಸಮ ಸಂಖ್ಯೆ. ಗೋಣಿಕೊಪ್ಪದ 571213 ಮಾತ್ರ ಅವಿಭಾಜ್ಯದಂತೆ ಕಾಣಿಸುತ್ತದೆ, ಆದರೆ ಹತ್ತನೆಯ ಪರೀಕ್ಷೆಯಲ್ಲಿ, 29ರಲ್ಲಿ, ಬಿದ್ದುಹೋಗುತ್ತದೆ. ಮಂಡ್ಯದ 571401ರ ಅಂಕಿಗಳ ಮೊತ್ತ 18, ಆದ್ದರಿಂದ 9ರಿಂದಲೇ ಭಾಗವಾಗುತ್ತದೆ.

ಅಂಕಿಗಳ ಮೊತ್ತ 16, ಅದು 4ರ ವರ್ಗ ಎಂಬಂಥ ಮಾತುಗಳನ್ನು ನಾನು ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದ ಗುಣಗಳು, ಬರವಣಿಗೆ ಬದಲಾದರೆ ಮಾಯವಾಗುತ್ತವೆ. ಆದರೆ ಬೀಜಗಳನ್ನು ಎರಡು ಚೌಕವಾಗಿ ಹಂಚುವ ಗುಣ ಯಾವ ಅಂಕಿಯಲ್ಲಿ ಬರೆದರೂ ಬದಲಾಗುವುದಿಲ್ಲ.

ಒಮ್ಮೆ ಅದು ಅವಿಭಾಜ್ಯ ಎಂದಾದ ಮೇಲೆ, ಮತ್ತು 4ರಲ್ಲಿ ಶೇಷ 1 ಎಂದಾದ ಮೇಲೆ, 176 ಮತ್ತು 735 ಇರಲೇಬೇಕಿತ್ತು. ಅದು ಅನಿವಾರ್ಯ. ಅದರಿಂದ ಇನ್ನೊಂದು ಹೊರಡುತ್ತದೆ. ಪೂರ್ಣಾಂಕ ಬಾಹುಗಳಿದ್ದು ವಿಕರ್ಣ 571201 ಆಗಿರುವ ಲಂಬಕೋನ ತ್ರಿಭುಜ ಜಗತ್ತಿನಲ್ಲಿ ಒಂದೇ ಒಂದು ಇದೆ. ಅದರ ಉಳಿದ ಬಾಹುಗಳು 258720 ಮತ್ತು 509249. ಮೊದಲನೆಯದು 176 ಮತ್ತು 735ರ ಗುಣಲಬ್ಧದ ಎರಡರಷ್ಟು, ಎರಡನೆಯದು ಅವುಗಳ ವರ್ಗಗಳ ವ್ಯತ್ಯಾಸ. ಹಾಗೆಯೇ 1ನ್ನು 571201ರಿಂದ ಭಾಗಿಸುತ್ತಾ ಹೋದರೆ ದಶಮಾಂಶಗಳು ಒಂದು ಹಂತದಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಆ ಆವರ್ತನೆಯ ಉದ್ದ 285600ರ ಭಾಜಕವೊಂದೇ ಆಗಿರಬೇಕು. ಇದರ ಕಾರಣ ಹೇಳಲು ಇನ್ನೊಂದು ಪತ್ರವೇ ಬೇಕಾಗುತ್ತದೆ, ಇಲ್ಲಿ ಬಿಡುತ್ತೇನೆ.

ನೂರಾರು ಅಂಕಿಗಳ ಸಂಖ್ಯೆಗೂ ಹೀಗೇ ಮಾಡಬಹುದೇ ಎಂದು ಅವಳು ಕೇಳಿದರೂ ಕೇಳಬಹುದು. ಆಗದು, ಭಾಗಾಕಾರವೂ ಚೌಕಗಳ ಹುಡುಕಾಟವೂ ಅಲ್ಲಿ ಕೈಕೊಡುತ್ತವೆ. ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿಯೂ ಅಂಕಿಗಳ ಸಂಖ್ಯೆಗೆ ಹೋಲಿಸಿದರೆ ಮಿತವಾದ ಹೆಜ್ಜೆಗಳಲ್ಲಿಯೂ ನಿರ್ಧರಿಸುವ ವಿಧಾನ ಇದೆ ಎಂದು ಮೊದಲು ಸಾಧಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, 2002ರಲ್ಲಿ. ಕಯಾಲ್ ಮತ್ತು ಸಕ್ಸೇನಾ ಆಗಿನ್ನೂ ಅಗರವಾಲ್ ಅವರ ವಿದ್ಯಾರ್ಥಿಗಳು ಎಂಬುದನ್ನೂ ಅವಳಿಗೆ ಹೇಳಿ.

ಅವಳ ಕೊನೆಯ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಸಿಕ್ಕಿದ್ದು ಉದ್ದದ ದಾರಿಯಲ್ಲಿ. ಗಿಡ್ಡ ದಾರಿಯನ್ನು ತಾಳೆ ನೋಡಲೆಂದು ನಾನು ಉಳಿದ 108 ಭಾಗಾಕಾರಗಳನ್ನೂ ಮಾಡಿದೆ, ಶೇಷಗಳನ್ನು ಅವಳ ಹಾಗೆಯೇ ಬರೆದಿಟ್ಟುಕೊಂಡೆ. 101ಕ್ಕೆ 46, 103ಕ್ಕೆ 66, 107ಕ್ಕೆ 35, ಹೀಗೆ ಸಾಗಿ 743ಕ್ಕೆ 577, 751ಕ್ಕೆ 441. ಎಲ್ಲಿಯೂ ಶೇಷ 0 ಬರಲಿಲ್ಲ, ಅದು ನಿರೀಕ್ಷಿಸಿದ್ದೇ. ಆದರೆ ಶೇಷಗಳ ಪಟ್ಟಿ ಅಕ್ಕಪಕ್ಕದ ಸಂಖ್ಯೆಗಳ ಬಗ್ಗೆಯೂ ಮಾತನಾಡುತ್ತದೆ. 89ಕ್ಕೆ ಶೇಷ 88 ಇದೆ ಎಂದರೆ, ಇನ್ನೊಂದು ಸೇರಿಸಿದರೆ ಸಾಕು, 571202ನ್ನು 89 ಭಾಗಿಸುತ್ತದೆ. ಅದೇ ರೀತಿ ಎಲ್ಲಾದರೂ ಶೇಷ 2 ಇದ್ದರೆ, ಎರಡು ಕಡಿಮೆ ಇರುವ 571199ನ್ನು ಆ ಸಂಖ್ಯೆ ಭಾಗಿಸಬೇಕು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದೆ. 133 ಶೇಷಗಳಲ್ಲಿ ಒಂದೂ 2 ಇಲ್ಲ. 2ರಿಂದ ಭಾಗಿಸಿದರೆ ಶೇಷ 2 ಬರುವ ಮಾತೇ ಇಲ್ಲ, ಆದರೆ 571199 ಬೆಸವಾದ್ದರಿಂದ ಅಲ್ಲಿಯೂ ತೊಂದರೆಯಿಲ್ಲ. ಅದರ ವರ್ಗಮೂಲವೂ 756ರ ಒಳಗೇ ಇದೆ. ಹಾಗಾದರೆ 571199 ಕೂಡ ಅವಿಭಾಜ್ಯ.

ಎರಡರ ಅಂತರದಲ್ಲಿರುವ ಇಂಥ ಜೋಡಿಗಳಿಗೆ ಅವಳಿ ಅವಿಭಾಜ್ಯಗಳು ಎನ್ನುತ್ತೇವೆ. ಹತ್ತು ಲಕ್ಷದೊಳಗೆ ಅಂಥ ಜೋಡಿಗಳು 8169 ಮಾತ್ರ. ಅವು ಎಂದೂ ಮುಗಿಯುವುದಿಲ್ಲವೇ ಎಂಬುದು ಇಂದಿಗೂ ಸಾಧನೆಯಿಲ್ಲದ ಪ್ರಶ್ನೆ. ಏಳು ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳು ಅನಂತವಾಗಿವೆ ಎಂದು 2013ರಲ್ಲಿ ಯಿಟಾಂಗ್ ಝಾಂಗ್ ಸಾಧಿಸಿದರು, ಬಳಿಕ ಬೇರೆಯವರು ಸೇರಿ ಆ ಅಂತರವನ್ನು 246ಕ್ಕೆ ಇಳಿಸಿದರು. 2ಕ್ಕೆ ಇನ್ನೂ ಯಾರೂ ಇಳಿಸಿಲ್ಲ.

ಮಡಿಕೇರಿಯ ಸಂಖ್ಯೆ ಅಂಥ ಜೋಡಿಯಲ್ಲಿ ಹಿರಿಯದು. ಎರಡರ ನಡುವೆ 168 ಭಾಜಕಗಳ 571200 ಕುಳಿತಿದೆ. ಅವಳಿಗಳಾದರೂ ಸ್ವಭಾವ ಬೇರೆ: ಕಿರಿಯದಾದ 571199ಕ್ಕೆ 4ರಲ್ಲಿ ಶೇಷ 3. ಎರಡು ವರ್ಗಗಳು ಕೂಡಿದಾಗ 4ರಲ್ಲಿ 0, 1, 2 ಉಳಿಯಬಹುದೇ ಹೊರತು 3 ಎಂದೂ ಉಳಿಯದು. ಆದ್ದರಿಂದ 571199 ಬೀಜಗಳನ್ನು ಯಾರೂ ಎರಡು ಚೌಕಗಳಾಗಿ ಹಂಚಲಾರರು. ಕಣಕ್ಕೆ ಇನ್ನೆರಡು ಬೀಜ ಬಂದು ಬಿದ್ದರೆ 176ರ ಚೌಕವೂ 735ರ ಚೌಕವೂ ಸಿದ್ಧ. ನನ್ನ 108 ಶೇಷಗಳ ಹಾಳೆಯನ್ನು ಈ ಉತ್ತರದ ಜೊತೆಗೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಅವಳ 25ರ ಕೆಳಗೆ ಅದನ್ನು ಅಂಟಿಸಿಕೊಂಡು, ನಾನು ಎಲ್ಲಿಯಾದರೂ ತಪ್ಪಿದ್ದೇನೆಯೇ ಎಂದು ಅವಳು ಒಮ್ಮೆ ನೋಡಲಿ.